ಗೋಡೆಯ ಮೇಲೆ ಸೊನ್ನೆ, ಸೊಂಟದಲ್ಲಿ ಬೇನೆ

ಹೊಸಗಾಳಿಯ ಎಪ್ಪತ್ತೆರಡನೆಯ ವರ್ಷ, ಎರಡನೆಯ ಬಿಸಿಲುಗಾಲ, ಮಂಜಿನ ವಾರ.
(ನಿಮ್ಮ ಲೆಕ್ಕಕ್ಕೆ ತಿರುಗಿಸಿದರೆ ಕ್ರಿಸ್ತಶಕ 2214ರ ಆಸುಪಾಸು.)
ಗಾಳಿಕೇರಿ, ಕಪ್ಪತಗುಡ್ಡದ ಬುಡ.

ನನಗಿಂತ ಮೊದಲು ಹೆತ್ತ ತಾಯಂದಿರಿಗೆ,

ಗಾಳಿಕೇರಿಯ ಹೊನ್ನವ್ವ ಮಾಡುವ ಶರಣಾರ್ಥಿಗಳು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳು, ಮನೆಯಲ್ಲಿ ಆಡಿದವಳಲ್ಲ. ನಮ್ಮ ಎಷ್ಟೋ ಸಾಮಾನುಗಳಿಗೆ ನಿಮ್ಮಲ್ಲಿ ಹೆಸರಿಲ್ಲ. ನಿಮ್ಮಲ್ಲಿದ್ದ ಕೆಲವು ಹೆಸರುಗಳು ನಮ್ಮಲ್ಲಿ ಕಳೆದುಹೋಗಿವೆ. ನನ್ನ ತೊಂದರೆ ಈ ಎರಡನೆಯದು. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಗಾಳಿಕಂಬದ ಮನೆಯಿಂದ ಹಿಂದಿನ ಕಾಲಕ್ಕೆ ಬಿಡುವ ಕಾಗದ ಇದು. ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು, ಉತ್ತರ ಬರುವ ದಾರಿ ಇಲ್ಲ. ಆದರೂ ಬರೆಯುತ್ತಿದ್ದೇನೆ. ಒಂದು ಸಾಲು ಬರೆಯುತ್ತೇನೆ, ಎದ್ದು ತೊಟ್ಟಿಲ ಹತ್ತಿರ ಹೋಗುತ್ತೇನೆ, ಕಿಟಕಿಗೆ ಬರುತ್ತೇನೆ, ಮತ್ತೆ ಕೂರುತ್ತೇನೆ. ಬರಹ ಅಲ್ಲಲ್ಲಿ ಹರಿದಂತೆ ಕಂಡರೆ ಕಾರಣ ಅದು.

ಮೊದಲು ನಮ್ಮ ಊರನ್ನು ಹೇಳಬೇಕು. ಗುಡ್ಡದ ಮೇಲೆ ಗಾಳಿಕಂಬಗಳಿವೆ, ನಿಮ್ಮ ಕಾಲದಲ್ಲೂ ಇದ್ದವಂತೆ. ಬುಡದಲ್ಲಿ ನಮ್ಮ ಮನೆಗಳು ಅರ್ಧ ನೆಲದೊಳಗೆ, ಅರ್ಧ ಮೇಲೆ. ಬೆಳಗಿನ ಜಾವ ಗುಡ್ಡದ ಇಳಿಜಾರಿನಲ್ಲಿ ಬಿಗಿದ ಬಲೆಗಳಿಂದ ಮಂಜಿನ ನೀರು ಇಳಿಸಿಕೊಳ್ಳುತ್ತೇವೆ. ಹೊತ್ತು ಏರಿದ ಮೇಲೆ ಬಿಸಿಲುಬಿಡುವು ಶುರುವಾಗುತ್ತದೆ. ಆಗ ಯಾರೂ ಹೊರಗೆ ಕಾಲಿಡುವಂತಿಲ್ಲ. ಊರಿಗೆ ಊರೇ ನೆಲದೊಳಗಿನ ತಂಪುಕೋಣೆಯಲ್ಲಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ತಿಂದು ಅಡ್ಡಾಗುತ್ತದೆ. ಆ ಹೊತ್ತಿನಲ್ಲಿ ಹೊರಗೆ ಹೋದವರು ಹೊರಳಿ ಬಾರದಿದ್ದದ್ದೂ ಉಂಟು. ಇದನ್ನು ಹೇಳುವುದಕ್ಕೆ ಕಾರಣವಿದೆ. ನನ್ನ ಮಗಳು ಹುಟ್ಟಿದ್ದು ಬಿಸಿಲುಬಿಡುವಿನಲ್ಲಿ.

ನಮ್ಮಲ್ಲಿ ಹೆರಿಗೆ ಎಂದರೆ ಹೆದರಿಕೆಯ ಸಂಗತಿಯಲ್ಲ. ಹೆರಿಗೆಮನೆಗೆ ಹೋದ ಕೂಡಲೇ ಸೊಂಟಕ್ಕೆ ಶಾಂತಪಟ್ಟಿ ಕಟ್ಟುತ್ತಾರೆ. ಅಂಗೈ ಅಗಲದ, ತೆಳ್ಳಗಿನ, ತಣ್ಣನೆಯ ಪಟ್ಟಿ. ಸೊಂಟದಿಂದ ಕೆಳಗಿನ ನೋವು ತಲೆಗೆ ಮುಟ್ಟದ ಹಾಗೆ ಅದು ನರಗಳನ್ನು ಸುಮ್ಮನಿರಿಸುತ್ತದೆ. ಎದುರಿನ ಗೋಡೆಯಲ್ಲಿ ಅಳತೆಗನ್ನಡಿ ಇರುತ್ತದೆ. ತಾಯಿಗೆ ಎಷ್ಟು ನೋವಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಪಟ್ಟಿ ಕಟ್ಟಿದ ಮೇಲೆ ಅಂಕಿ ಯಾವಾಗಲೂ ಸೊನ್ನೆ. ನನ್ನ ಅವ್ವ ನನ್ನನ್ನೂ ನನ್ನ ತಂಗಿಯನ್ನೂ ಶೇಂಗಾ ಸುಲಿಯುತ್ತ, ಗೆಳತಿಯರೊಡನೆ ಹರಟುತ್ತ ಹೆತ್ತಳು. ಈ ಪಟ್ಟಿಯನ್ನು ಕಂಡುಹಿಡಿದವರಿಗೆ ನಾನು ಕೈಮುಗಿಯುತ್ತೇನೆ. ಮುಂದೆ ನಾನು ಹೇಳುವುದನ್ನು ಕೇಳಿ ಅದನ್ನು ಕಿತ್ತೊಗೆಯಿರಿ ಎನ್ನುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ.

ನನಗೆ ದಿನ ತುಂಬಿದಾಗ ಗಂಡ ವೀರಪಾಕ್ಷಿ, ಅತ್ತೆ ನೀಲವ್ವ ನನ್ನನ್ನು ಕರೆದುಕೊಂಡು ಹೋದರು. ಪಟ್ಟಿ ಕಟ್ಟಿದವಳು ಶಮೀಮ, ನನಗಿಂತ ಚಿಕ್ಕವಳು, ಹೆರಿಗೆಮನೆಯ ತಡೆಗಾತಿ. ಪಟ್ಟಿಯನ್ನೂ ಕನ್ನಡಿಯನ್ನೂ ನೋಡಿಕೊಳ್ಳುವವರಿಗೆ ನಾವು ಹಾಗೆನ್ನುತ್ತೇವೆ. ಸೊನ್ನೆ ಬಂತು. ಅತ್ತೆ, ಗಂಡ ಹೊರಗಿನ ಪಡಸಾಲೆಗೆ ಹೋದರು. ನಾನು ಮಗುವಿನ ಕುಲಾವಿ ಹೆಣೆಯುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಬೆನ್ನಿನ ಕೆಳಗೆ ಏನೋ ಬಿಗಿಯಿತು. ಬಿಟ್ಟಿತು. ಮತ್ತೆ ಬಿಗಿಯಿತು. ಒದ್ದೆ ಕಂಬಳಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಾರಲ್ಲ, ಹಾಗೆ. ಆ ಕಂಬಳಿ ನಾನಾಗಿದ್ದೆ.

"ಶಮೀಮ, ನೋಯಾಕತ್ತೈತಿ," ಎಂದೆ.

"ಇಲ್ಲಕ್ಕಾ, ನೋಡ್ರಿಲ್ಲೆ, ಸೊನ್ನಿ ಐತಿ," ಎಂದು ಅವಳು ನಕ್ಕು ಗೋಡೆ ತೋರಿಸಿದಳು.

ನಾನೂ ಗೋಡೆ ನೋಡಿದೆ. ಹಸಿರು ಸೊನ್ನೆ ಇತ್ತು. ನನಗೆ ನನ್ನ ಮೇಲೆಯೇ ಅನುಮಾನ ಬಂತು. ನೋವು ಅಂದರೆ ಇದಲ್ಲವೇನೋ, ಎಲ್ಲರಿಗೂ ಹೀಗೇ ಆಗುತ್ತದೇನೋ, ನಾನೇ ಪುಕ್ಕಲಿಯೇನೋ ಎಂದುಕೊಂಡು ಹೆಣಿಗೆ ಎತ್ತಿಕೊಂಡೆ. ಮುಂದಿನ ಸಲ ಬಿಗಿದಾಗ ಸೂಜಿ ಕೈಯಿಂದ ಜಾರಿತು, ನನ್ನ ಬಾಯಿಂದ ಒಂದು ಕೂಗು ಹೊರಬಿತ್ತು. ಅದು ನನ್ನ ದನಿ ಎಂದು ನನಗೆ ಗೊತ್ತಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಹರಟುತ್ತಿದ್ದ ಹೆಂಗಸರು ತಟ್ಟನೆ ಸುಮ್ಮನಾದರು. ಆ ಮನೆಯಲ್ಲಿ ಅಂಥ ಕೂಗನ್ನು ಮೊದಲು ಯಾರೂ ಕೇಳಿರಲಿಲ್ಲ.

ಶಮೀಮ ಪಟ್ಟಿ ಬಿಚ್ಚಿ ಕಟ್ಟಿದಳು, ಬೇರೆ ಪಟ್ಟಿ ತಂದಳು. ಎಲ್ಲದಕ್ಕೂ ಸೊನ್ನೆ. ದೂರದ ನಗರದಿಂದ ಪರದೆಯ ಮೇಲೆ ಬರುವ ಡಾಕ್ಟರಮ್ಮನನ್ನು ಕರೆದಳು. ಅವರು ಅಂಕಿಗಳನ್ನು ಸಾವಧಾನವಾಗಿ ಓದಿ, "ಪಟ್ಟಿ ಸರಿಯಾಗಿದೆ. ಮಗುವೂ ಚೆನ್ನಾಗಿದೆ. ತಾಯಿಗೆ ಗಾಬರಿಯಾಗಿದೆ, ಮಾತಾಡಿಸಿ ಸಮಾಧಾನ ಮಾಡಿ," ಎಂದರು. ಕೆಟ್ಟವರಲ್ಲ ಅವರು. ಮಗಳಿಗೆ ಹೇಳುವ ದನಿಯಲ್ಲಿಯೇ ಹೇಳಿದರು. ನಾನು ನೆಲದ ಮೇಲೆ ಮೊಣಕಾಲೂರಿ, ಮಂಚದ ಕಾಲು ಹಿಡಿದುಕೊಂಡು, "ಗಾಬರಿ ಅಲ್ರೀ, ನೋವ್ರೀ," ಎಂದೆ. ಅಷ್ಟರಲ್ಲಿ ವಾಂತಿಯಾಯಿತು.

ಕೂಗು ಕೇಳಿ ಅತ್ತೆ ಬಾಗಿಲು ತಳ್ಳಿಕೊಂಡು ಬಂದರು. ನನ್ನನ್ನು ನೋಡಿದರು. ಹಣೆಯ ಬೆವರು ಒರೆಸಿ, "ಬ್ಯಾನಿ ತಿನ್ನಾಕತ್ತಾಳಲ್ಲೋ ಯಪ್ಪಾ ಇಕಿ," ಎಂದರು.

ಆ ಮಾತು ನನಗೆ ಹೊಸದು. ಶಮೀಮಳಿಗೂ ಹೊಸದು. ಅತ್ತೆಯೂ ಪಟ್ಟಿ ಕಟ್ಟಿಕೊಂಡೇ ಹೆತ್ತವರು. ಆದರೆ ಅವರು ಸಣ್ಣವರಿದ್ದಾಗ ಅವರ ಮುತ್ತಜ್ಜಿ ಈ ಮಾತು ಆಡುತ್ತಿದ್ದರಂತೆ. "ಬ್ಯಾನಿ ಬರತೈತಿ, ಹೋಗತೈತಿ, ಮತ್ತ ಬರತೈತಿ. ಹಂಗ ಅಂತಿದ್ದಳು ಆಯಿ," ಎಂದು ನನ್ನ ಬೆನ್ನಿನ ಕೆಳಗೆ ಅಂಗೈ ಒತ್ತಿ ಹಿಡಿದರು.

"ಅತ್ತೀರಿ, ಸೊನ್ನಿ ಐತ್ರಿ," ಎಂದಳು ಶಮೀಮ.

"ಸೊನ್ನಿ ಗ್ವಾಡಿಗೈತಿ. ಹಡಿಯಾಕಿ ಇಕಿ ಅದಾಳ. ಇಕಿ ಮಾರಿ ನೋಡು."

ಶಮೀಮ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಹೊಟ್ಟೆ ಕಲ್ಲಾಗುವುದನ್ನೂ ಅದರ ಜೊತೆಗೇ ನನ್ನ ಮುಖ ಸೊಟ್ಟಗಾಗುವುದನ್ನೂ ನೋಡಿದಳು. ಆಮೇಲೆ ಗೋಡೆಗೆ ಬೆನ್ನು ಮಾಡಿ ನನ್ನೆದುರು ಕೂತಳು. "ಅಕ್ಕಾ, ನಿಮಗ ನೋಯಾಕತ್ತೈತಿ. ನಾ ನಂಬತೀನಿ," ಎಂದಳು.

ಆ ಮಾತಿನಿಂದ ನೋವು ಒಂದಿಷ್ಟೂ ಇಳಿಯಲಿಲ್ಲ. ಸುಳ್ಳು ಹೇಳಲಾರೆ. ಆದರೆ ಅಲ್ಲಿಯವರೆಗೆ ನಾನು ಎರಡು ಕೆಲಸ ಮಾಡುತ್ತಿದ್ದೆ, ನೋವು ತಿನ್ನುವುದು ಮತ್ತು ನೋವಿದೆ ಎಂದು ವಾದಿಸುವುದು. ಎರಡನೆಯ ಕೆಲಸ ತಪ್ಪಿತು. ಉಸಿರು ಬಿಡುವುದಕ್ಕೆ ಬಿಡುವು ಸಿಕ್ಕಿತು.

ಆದರೆ ಕೊಡುವುದೇನು? ಹೆರಿಗೆಮನೆಯಲ್ಲಿ ಪಟ್ಟಿಯ ಹೊರತು ಬೇರೆ ನೋವಿನ ಮದ್ದಿಲ್ಲ. ಬೇಕಾಗುತ್ತದೆ ಎಂದು ಯಾರೂ ಇಟ್ಟಿಲ್ಲ. ಶಮೀಮಳಿಗೆ ಹಲ್ಲಿನ ಡಾಕ್ಟರರ ನೆನಪಾಯಿತು. ಪಟ್ಟಿ ಸೊಂಟದಿಂದ ಮೇಲಕ್ಕೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಹಲ್ಲು ಕೀಳುವವರು ಈಗಲೂ ನಗೆಗಾಳಿ ಕೊಡುತ್ತಾರೆ. ಮೂಗು ಬಾಯಿ ಮುಚ್ಚುವ ಬಟ್ಟಲಿನಿಂದ ಉಸಿರೆಳೆದುಕೊಳ್ಳುವ ಗಾಳಿ ಅದು. ನಿಮ್ಮ ಕಾಲದಲ್ಲಿ ಕೆಲವು ದೇಶಗಳ ತಾಯಂದಿರು ಅದನ್ನೇ ಎಳೆದುಕೊಂಡು ಹೆರುತ್ತಿದ್ದರು ಎಂದು ಅವಳು ಪಾಠದಲ್ಲಿ ಓದಿದ್ದಳು.

"ನಾ ತರತೀನಿ," ಎಂದ ವೀರಪಾಕ್ಷಿ ಬಾಗಿಲಲ್ಲಿ.

"ಬಿಸಿಲುಬಿಡುವು ಐತೋ," ಎಂದರು ಅತ್ತೆ. ಅವರಿಗೆ ಅವನೊಬ್ಬನೇ ಮಗ.

ಅವನು ಗೋಣಿಚೀಲ ನೀರಲ್ಲಿ ಅದ್ದಿ ತಲೆಯ ಮೇಲೆ ಹೊದ್ದುಕೊಂಡು ಓಡಿದ. ಅವನು ಬರುವವರೆಗೆ ಎಷ್ಟು ಬೇನೆ ಬಂದು ಹೋದವೋ ನಾನು ಎಣಿಸಲಿಲ್ಲ. ಎರಡು ಬೇನೆಗಳ ನಡುವಿನ ಹೊತ್ತೇ ಹೆಚ್ಚು ಕೆಟ್ಟದಾಗಿತ್ತು. ನೋವು ಇರುತ್ತಿರಲಿಲ್ಲ, ಅದು ಬರುವ ದಾರಿಯನ್ನೇ ಕಾಯುತ್ತ ಇರುತ್ತಿದ್ದೆ. ಈಗ ಅವನೂ ಬಿಸಿಲಿನಲ್ಲಿದ್ದ. ನಾನು ಅತ್ತೆಯ ತೋಳು ಹಿಡಿದಿದ್ದೆ, ಅತ್ತೆಯ ಕಣ್ಣು ಬಾಗಿಲಲ್ಲಿತ್ತು.

ಅವನು ಬಂದ. ಹೆಗಲ ಮೇಲೆ ಕಬ್ಬಿಣದ ಸಿಲಿಂಡರು. ಕಾದ ಲೋಹ ಅಂಗಿಯನ್ನು ದಾಟಿ ಹೆಗಲು ಸುಟ್ಟಿತ್ತು. ಅದನ್ನು ಇಳಿಸಿ ಹೊಸ್ತಿಲಲ್ಲೇ ಕುಸಿದ. ಅತ್ತೆ ಅವನ ತಲೆಯ ಮೇಲೆ ಕೊಡ ಬರಿದು ಮಾಡಿದರು.

ಪರದೆಯ ಮೇಲಿನ ಡಾಕ್ಟರಮ್ಮ, "ಶಮೀಮ್, ಸೊನ್ನೆಯಲ್ಲಿ ಇರುವವರಿಗೆ ಎರಡನೇ ಮದ್ದು ಕೊಟ್ಟರೆ ನಾನು ವರದಿ ಮಾಡಲೇಬೇಕಾಗುತ್ತದೆ," ಎಂದರು.

"ಮಾಡ್ರಿ ಮೇಡಂ," ಎಂದು ಶಮೀಮ ಬಟ್ಟಲನ್ನು ನನ್ನ ಕೈಗೇ ಕೊಟ್ಟಳು. "ಬ್ಯಾನಿ ಸುರು ಆತು ಅನ್ನೂದ್ರಾಗ ಎಳಕೋರಿ ಅಕ್ಕಾ. ನೀವ ಹಿಡೀರಿ, ನಾ ಹಿಡಿಯಂಗಿಲ್ಲ."

ಎಳೆದುಕೊಂಡೆ. ನೋವು ಹೋಗಲಿಲ್ಲ. ಅದು ಪಕ್ಕದ ಕೋಣೆಗೆ ಸರಿದು ಅಲ್ಲಿಂದ ಕೂಗುತ್ತಿರುವಂತಾಯಿತು. ತುಟಿ ಜೋಮು ಹಿಡಿಯಿತು, ತಲೆ ತೇಲಿತು, ನಡುವೆ ಒಮ್ಮೆ ನಿಜವಾಗಿಯೂ ನಕ್ಕೆನಂತೆ. ಕೊನೆಗೆ ತಳ್ಳುವ ಹೊತ್ತಿನಲ್ಲಿ ಬಟ್ಟಲು ಬಿಸಾಕಿದೆ. ಮೈ ಸೀಳುವಂಥ ಉರಿ. ಆಮೇಲೆ ಬಿಸಿಯಾದ, ಜಾರುವ, ಅಳುವ ಮಗಳು ನನ್ನ ಎದೆಯ ಮೇಲಿದ್ದಳು. ಗೋಡೆಯ ಮೇಲೆ ಆಗಲೂ ಸೊನ್ನೆಯೇ.

ವರದಿಯಾಯಿತು. ಪಟ್ಟಿಯಲ್ಲೂ ಕನ್ನಡಿಯಲ್ಲೂ ದೋಷವಿಲ್ಲ ಎಂದು ತಪಾಸಣೆಯವರು ಬರೆದರು. ಶಮೀಮಳನ್ನು ಹೆರಿಗೆಮನೆಯಿಂದ ತೆಗೆದು ಬೀಜದ ಉಗ್ರಾಣದ ಕೆಲಸಕ್ಕೆ ಹಾಕಿದರು. ನಾನು ಊರಸಭೆಗೆ ಹೋಗಿ, ಅವಳ ತಪ್ಪಿಲ್ಲ, ನನಗೆ ನೋವಾಗಿತ್ತು ಎಂದೆ. ಸಭಾಪತಿಗಳು ಗೌರವದಿಂದಲೇ, "ಹೆಂಗಾಗಿತ್ತು, ಬಿಡಿಸಿ ಹೇಳವ್ವ," ಎಂದರು. ಎದ್ದು ನಿಂತೆ. ನಮ್ಮಲ್ಲಿ ನೋವು ಎಂದರೆ ಮೊಣಕಾಲು ತರಚಿದ್ದು, ಹಲ್ಲು ಜುಮ್ಮೆಂದದ್ದು. ಆ ಪದದ ಮೇಲೆ ಇನ್ನೊಂದು ಪದ ನನ್ನ ಬಾಯಿಗೆ ಬರಲಿಲ್ಲ. ಬೇನೆ ಎಂದೆ. ಯಾರಿಗೂ ತಿಳಿಯಲಿಲ್ಲ. ಎಲ್ಲರೂ ತಾಳ್ಮೆಯಿಂದ ಕಾದರು. ನಾನು ಕೂತುಬಿಟ್ಟೆ.

ಹೊರಗೆ ನೀರಿನ ನಲ್ಲಿಯ ಹತ್ತಿರ ಸಭಾಪತಿಗಳ ಹೆಂಡತಿ ಬಸಲಿಂಗವ್ವ ನನ್ನ ಮೊಣಕೈ ಹಿಡಿದರು. ಅತ್ತಿತ್ತ ನೋಡಿ, "ನನಗೂ ಆಗಿತ್ತವಾ, ಸಣ್ಣ ಮಗಳ ಹೊತ್ತಿನಾಗ. ಗ್ವಾಡಿ ಮ್ಯಾಲ ಸೊನ್ನಿ ಇತ್ತು. ನನಗ ತಲಿ ಕೆಟ್ಟೈತಿ ಅಂದ್ಕೊಂಡು ಸೆರಗು ಕಚ್ಚಿ ಹಿಡದೆ," ಎಂದರು.

"ಒಳಗ ಯಾಕ ಹೇಳಲಿಲ್ರಿ?"

"ಆ ಮಗಳ ಈಗ ಬಸುರಿ ಅದಾಳ. ಕೇಳಿದರ ಹೆದರ್ತಾಳ."

"ಹೇಳಲಿಲ್ಲಂದರ ತಾ ಒಬ್ಬಾಕೀನ ಹೆದರ್ತಾಳ್ರಿ," ಎಂದೆ. ಅವರು ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದರು.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮಂಜಿನ ನೀರಿಗೆ ನಿಂತ ಸಾಲಿನಲ್ಲಿ, ರೊಟ್ಟಿ ಬಡಿಯುವ ಕಟ್ಟೆಯಲ್ಲಿ, ಹೆತ್ತವರ ಮುಖಗಳನ್ನೇ ನೋಡುತ್ತೇನೆ. ಇವಳಿಗೂ ಆಗಿತ್ತೇ? ಕೆಲವರನ್ನು ಕೇಳಿದೆ. ಹೆಚ್ಚಿನವರು ನಕ್ಕರು. ಇಬ್ಬರು ನಗಲಿಲ್ಲ, ಮಾತು ಬದಲಿಸಿದರು. ಒಂದು ಬೆಳಿಗ್ಗೆ, ಯಾವ ಸಭೆಯೂ ತೀರ್ಮಾನಿಸದೆ, ಹೆರಿಗೆಮನೆಯ ಮೂಲೆಯಲ್ಲಿ ನಗೆಗಾಳಿಯ ಸಿಲಿಂಡರು ಬಂದು ಕೂತಿತ್ತು. ಕಳಿಸಿದ್ದು ಸಭಾಪತಿಗಳ ಮನೆಯಿಂದ. ಬಸಲಿಂಗವ್ವ ಮನೆಯಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಅದಕ್ಕೆ ಬೀಗ ಹಾಕಿದ್ದಾರೆ, ಡಾಕ್ಟರಮ್ಮನ ಅಪ್ಪಣೆಯಿಲ್ಲದೆ ಕೀಲಿ ಕೊಡುವುದಿಲ್ಲ. ಶಮೀಮ ಇನ್ನೂ ಉಗ್ರಾಣದಲ್ಲಿದ್ದಾಳೆ. ನೋಡಲು ಹೋದಾಗ, "ಇಲ್ಲಿ ಬೀಜ ಕೂಗಂಗಿಲ್ಲಕ್ಕಾ, ಆರಾಮ ಅದೀನಿ," ಎಂದು ನಕ್ಕಳು. ಕಣ್ಣು ನಗಲಿಲ್ಲ.

ಈ ವಾರ ನನ್ನ ತಂಗಿ ಗಿರಿಜವ್ವನಿಗೆ ದಿನ ತುಂಬುತ್ತದೆ. ಅದೇ ಮನೆ, ಅದೇ ಗೋಡೆ. ಅವಳಿಗೆ ಪಟ್ಟಿ ಕೆಲಸ ಮಾಡಬಹುದು, ನನ್ನ ಅವ್ವನಂತೆ ಶೇಂಗಾ ಸುಲಿಯುತ್ತ ಹೆರಬಹುದು. ಹಾಗೇ ಆಗಲಿ. ಮೊನ್ನೆ ಅವಳು, "ಅಕ್ಕಾ, ಹ್ಯಾಂಗಿರತೈತಿ?" ಎಂದು ಕೇಳಿದಳು. ಮಗುವಿನ ಮುಖ ನೋಡಿದ ಮೇಲೆ ಎಲ್ಲ ಮರೆತುಹೋಗುತ್ತದೆ ಎಂದು ಹೇಳಬಹುದಿತ್ತು. ನಾನು ಮರೆತಿಲ್ಲ. ಕಂಬಳಿಯ ಕಥೆ ಹೇಳಿದೆ, ಅತ್ತೆ ಹೇಳಿಕೊಟ್ಟ ಬೇನೆ ಎಂಬ ಪದ ಹೇಳಿದೆ. ಮುಂದೆ ಮಾತು ಸಿಗಲಿಲ್ಲ.

ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ನಿಮ್ಮಲ್ಲಿ ಆ ಮಾತುಗಳಿವೆ. ನಿಮ್ಮ ಕಾಲದಲ್ಲಿ ಹೆರುವವಳನ್ನು ಕೂಗಬೇಡ ಎಂದು ಗದರಿಸುತ್ತಿದ್ದರೆಂದು ಅತ್ತೆ ಹೇಳುತ್ತಾರೆ. ನಿಮ್ಮನ್ನು ಯಾರು ಗದರಿಸಿದರೂ ಕೂಗಿ. ಹೇಗಿತ್ತು ಎಂದು ಮಗಳಿಗೆ, ಸೊಸೆಗೆ ಬಿಡಿಸಿ ಹೇಳಿ, ಅವಳು ತನ್ನ ಮಗಳಿಗೆ ಹೇಳುವಷ್ಟು ಸಲ ಹೇಳಿ. ನೋವು ತಗ್ಗಿಸುವ ಸೂಜಿ ಬೇಕೆನಿಸಿದರೆ ನಾಚದೆ ಕೇಳಿ ತೆಗೆದುಕೊಳ್ಳಿ. ನೋವು ಕಳೆಯುವ ಮದ್ದು ಮಾಡುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ, ಅದು ಹಿಡಿಯದೆ ಹೋದವಳ ಪಕ್ಕದಲ್ಲಿ ಒಂದು ದಿನ ಅವರನ್ನು ಕೂರಿಸಿ. ಅಳತೆಗನ್ನಡಿಯನ್ನು ಆಮೇಲೆ ಮಾಡಲಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಗಿರಿಜವ್ವ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. ತುಟಿ ಕಚ್ಚಿಕೊಂಡಿದ್ದಾಳೆ. ಹೋಗಿ ಕೇಳುತ್ತೇನೆ.

ನಿಮ್ಮ,
ಹೊನ್ನವ್ವ