ಇನ್ನೈದು ಬ್ಯಾಂಡುಗಳ ಹೆಸರು

ಶ್ರೀನಿವಾಸಪುರ,
ಭಾನುವಾರ

ಉಮೇರ್‌ಗೆ,

ನಿನ್ನ ನಂಬರ್ ಬ್ಲಾಕ್ ಮಾಡಿರೋದು ನಾನೇ. ಅದಕ್ಕೇ ಈ ಕಾಗದ. ಕೋಲಾರದಲ್ಲಿ ಲೆಕ್ಚರರ್ ಆಗಿರೋ ಮುರಳೀಕೃಷ್ಣ ಅನ್ನೋರ ಜೊತೆ ನನ್ನ ಮದುವೆ ನಿಶ್ಚಯ ಆಗಿದೆ.

ಹೆಣ್ಣು ನೋಡೋಕೆ ಬಂದಾಗ ಅವರು, "ಯಾವ ಥರ ಹಾಡು ಕೇಳ್ತೀರಿ?" ಅಂದರು. ಕಾಲೇಜಿಗೆ ಹೋಗೋ ಬಸ್ಸಲ್ಲಿ ನೀನು ಒಂದು ಇಯರ್‌ಫೋನ್ ನನಗೆ ಕೊಟ್ಟು ಕೇಳಿಸ್ತಿದ್ದೆಯಲ್ಲ, ಆ ಪ್ರೋಗ್ರೆಸಿವ್ ರಾಕ್ ಬ್ಯಾಂಡಿನ ಹೆಸರು ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಅವರಿಗೂ ಅದೇ ಪ್ರಾಣವಂತೆ. "ಅಂಥವು ಇನ್ನೂ ಯಾವ್ಯಾವು ಗೊತ್ತು?" ಅಂದರು.

ನೀನು ಎರಡು ವರ್ಷ ಹುಡುಕಿ ನನಗೋಸ್ಕರ ಬರೆದುಕೊಟ್ಟಿದ್ದ ಪಟ್ಟಿಯಿಂದ ವಾರಕ್ಕೊಂದು ಹೆಸರು ನಾನು ಅವರಿಗೆ ಮೆಸೇಜ್ ಮಾಡಿದೆ. ಇಟಲಿಯದು, ಪೋಲೆಂಡಿನದು, ಜಪಾನಿನದು. "ಶ್ರೀನಿವಾಸಪುರದಲ್ಲಿ ಕೂತು ಒಬ್ಬಳೇ ಇದನ್ನೆಲ್ಲ ಹೇಗೆ ಹುಡುಕಿದೆ?" ಅಂತಾರೆ. ಕೇಳ್ತಾ ಕೇಳ್ತಾ ಸಿಕ್ತು ಅಂದೆ. ನಿನ್ನ ಹೆಸರು ಎತ್ತಲಿಲ್ಲ. ನಮ್ಮ ಮನೆಯವರು ಎಂಥವರು ಅಂತ ನಿನಗೆ ಗೊತ್ತಲ್ಲ.

ಈಗ ಪಟ್ಟಿ ಮುಗಿದಿದೆ, ಮದುವೆಗೆ ಇನ್ನೂ ಐದು ವಾರ ಇದೆ. ಅಂಥವೇ ಐದು ಹೆಸರು ಬರೆದು ಮಾಸ್ತಿ ಊರಲ್ಲಿರೋ ನನ್ನ ಪರಿಚಯದ ಮುನಿಲಕ್ಷ್ಮಿ ಅಕ್ಕನ ವಿಳಾಸಕ್ಕೆ ಪೋಸ್ಟ್ ಮಾಡು, ವಿಳಾಸ ಕವರಿನ ಹಿಂದೆ ಇದೆ. ನಮ್ಮ ಮನೆಗೆ ಬೇಡ.

ಆ ಪಟ್ಟಿಯ ಒಂದೊಂದು ಹೆಸರಿನ ಪಕ್ಕದಲ್ಲೂ ನೀನು, "ಇದು ಶುರುವಾದಾಗ ನೀನು ಪಕ್ಕದಲ್ಲಿರಬೇಕಿತ್ತು ಅನ್ನಿಸ್ತು" ಅಂತೆಲ್ಲ ಬರೆದಿದ್ದೆ. ಅವನ್ನೂ ನಾನು ಹಾಗೇ ಕಳಿಸಿದೆ. ಓದಿ ಅವರಿಗೆ ಕಣ್ಣಲ್ಲಿ ನೀರು ಬಂತಂತೆ. ಈ ಸಲವೂ ಅಂಥ ಮಾತು ಸೇರಿಸು. ನನಗೆ ಹಾಗೆಲ್ಲ ಬರೆಯೋಕೆ ಬರಲ್ಲ.

ಮದುವೆಗೆ ಬರಬೇಡ.

ಇಂತಿ,
ಸಹನ