ಎರಡೂವರೆ ತಾಸಿನಲ್ಲಿ ಸೇರದ ಹೊಳೆ

ಅಕ್ಕಾ,

ಈ ಕಾಗದವನ್ನು ಕುಮಟೆಯ ವಿಳಾಸಕ್ಕೆ ಹಾಕಿದರೆ ತಂಗಿ ಸುಬ್ಬಿ ಒಡೆದು ಓದುತ್ತಾಳೆ. ಓದಲಿ. ಅವಳಿಗೂ ತಿಳಿಯಬೇಕಾದದ್ದು ಇದರಲ್ಲಿದೆ.

ನಾನು ಮೊದಲ ಸಲ ಮುಂಬಯಿಗೆ ಹೊರಟ ದಿನ ನೆನಪಿದೆಯೆ? ಮೀನಿನ ಬುಟ್ಟಿ ಇಳಿಸಿ, ಕೈಯನ್ನೂ ತೊಳೆಯದೆ ನೀನು ಕೇಳಿದ್ದೆ: "ಎಷ್ಟು ಹೊಳೆ ದಾಟ್ಬೇಕೋ ತಮಾ?" ನಿನಗೆ ದೂರ ಎಂದರೆ ಮೈಲಿಯಲ್ಲ, ಹೊಳೆ. ಒಣಮೀನು ಹೊತ್ತು ಭಟ್ಕಳದ ಸಂತೆಗೆ ಹೋಗಿಬರುತ್ತಿದ್ದವಳು ನೀನು. ಹೊನ್ನಾವರದಲ್ಲಿ ದೋಣಿಗೆ ಕಾದು ಹಾಳಾದ ಅರ್ಧ ದಿನಗಳು ಮೈಲಿಗಲ್ಲು ನೆಟ್ಟವನಿಗೆ ಎಲ್ಲಿ ಗೊತ್ತು?

ಮುಂಬಯಿಯಲ್ಲಿ ಸ್ವಂತ ಅಕ್ಕಿ ಅಂಗಡಿ ಹಾಕಿ, ಕೈಗೆ ಗಡಿಯಾರ ಕಟ್ಟಿಕೊಂಡು ಬಂದೆನಲ್ಲ, ಆ ಸಲ ಜಗಲಿ ತುಂಬ ಜನ. ಮಾತಿನಲ್ಲಿ ನಾನು ಯಾವತ್ತು ಹಿಂದೆ? "ಮುಂಬಯಿಂದ ಮಂಗಳೂರಿಗೆ ವಿಮಾನದಲ್ಲಿ ಎರಡೂವರೆ ತಾಸು! ನೀವು ಇಡಗುಂಜಿಗೆ ಹೋಗಿ ಕೈಮುಗಿದು ಬರೋದ್ರೊಳಗೆ ನಾ ಬಂದು ಕೂತಿರ್ತೆ" ಎಂದೆ. ಎಲ್ಲರೂ ಬಾಯಿ ಬಿಟ್ಟರು. ನೀನೊಬ್ಬಳೇ ಕೇಳಿದ್ದು: "ಮಂಗಳೂರಿಂದ ಈಚೆಗೆ? ಹೊನ್ನಾವರದ ಹೊಳೆಗೆ ಎಂತ ಮಾಡ್ತೆ?"

"ವಿಮಾನ ಹತ್ತಿದವ್ರಿಗೆ ಹೊಳೆ ಎಂತ ಲೆಕ್ಕ, ಅಕ್ಕಾ?"

"ಆತು ಮಾರಾಯ" ಎಂದು ನೀನು ನಕ್ಕೆ. ನಂಬಿದೆ.

ಆ ಹೊತ್ತಿಗೆ ನಾನು ವಿಮಾನವನ್ನು ಹತ್ತಿರದಿಂದ ನೋಡಿಯೂ ಇರಲಿಲ್ಲ. ಟಿಕೆಟ್ ಕಚೇರಿಯ ಬೋರ್ಡು ನೋಡಿ ಬಾಯಿಪಾಠ ಮಾಡಿದ್ದೆ, ಅಷ್ಟೆ. ಮೂಟೆಯಲ್ಲಿ ಒಂದು ಹಿಡಿ ಅಕ್ಕಿ ಕಡಿಮೆಯಾದರೂ ಕಂಡುಹಿಡಿಯುವ ನನಗೆ ಆ ಬೋರ್ಡಿನಲ್ಲಿ ನಿನ್ನ ಹೊಳೆಗಳಿಲ್ಲ ಎಂಬುದು...

ನಿನಗೆ ಜ್ವರ ಏರಿದ ಸೋಮವಾರವೇ ಸುಬ್ಬಿ ನನಗೆ ತಾರು ಕೊಡಲು ಅಂಚೆ ಕಚೇರಿಗೆ ಹೊರಟಿದ್ದಳಂತೆ. ನೀನು ಬಿಡಲಿಲ್ಲ. "ಎರಡೂವರೆ ತಾಸಿನ ದಾರಿಗೆ ಈಗ್ಲೇ ಎಂತಕ್ಕೆ? ಅಂಗಡಿ ಮುಚ್ಚಿ ಓಡಿ ಬತ್ತ ಅಂವ. ತೀರಾ ಆದ್ರೆ ಬೆಳಿಗ್ಗೆ ಕೊಡು, ಮಧ್ಯಾಹ್ನ ಊಟಕ್ಕೆ ಬತ್ತ." ಗುರುವಾರ ಬೆಳಿಗ್ಗೆ ನೀನೇ ತಾರು ಕೊಡಿಸಿದೆ. ನನ್ನ ಪಾಲಿನ ಅಕ್ಕಿಯನ್ನೂ ಒಲೆಯ ಮೇಲೆ ಇಡಿಸಿದೆ.

ತಾರು ನನ್ನ ಕೈ ಸೇರಿದ್ದು ಸಂಜೆ. ವಿಮಾನವಿದ್ದದ್ದು ಮರುದಿನ ಬೆಳಿಗ್ಗೆ. ಬೋರ್ಡು ಸುಳ್ಳು ಹೇಳಿರಲಿಲ್ಲ, ಎರಡೂವರೆ ತಾಸಿಗೆ ಸರಿಯಾಗಿ ಇಳಿಸಿತು. ಆಮೇಲೆ ಬಸ್ಸು, ಹೊಳೆ, ಮತ್ತೆ ಬಸ್ಸು. ಭಟ್ಕಳ ದಾಟಿ ಶರಾವತಿಯ ದಡಕ್ಕೆ ಬಂದರೆ, ಇಳಿತದ ಕೆಸರಿನಲ್ಲಿ ಕೂತ ದೋಣಿ ಹೊರಡುವ ಲಕ್ಷಣವಿಲ್ಲ. ಎದುರಿಗೇ ಹೊನ್ನಾವರ. ನಾನು ಗಡಿಯಾರ ನೋಡುವುದನ್ನು ಕಂಡು ದೋಣಿಯವನೆಂದ: "ನೀರು ಏರ್ಬೇಕು ಮಾರಾಯ್ರೆ. ನಿಮ್ಮ ಗಡಿಯಾರ ತೋರ್ಸಿದ್ರೆ ಏರ್ತದ್ಯಾ?"

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನೀನು ಮಧ್ಯಾಹ್ನವೇ ಹೋಗಿದ್ದೆ. ಸುಬ್ಬಿ ಹೇಳಿದಳು: "ನಿನ್ನೆ ಮಧ್ಯಾಹ್ನದಿಂದ ಬಾಗ್ಲನ್ನೇ ನೋಡ್ತಿದ್ಲು. 'ವಿಮಾನ ತಪ್ಪಿತೋ ಏನೋ, ಬಂದ್ರೆ ಅಂವಗೆ ಬೈಬೇಡ' ಅಂದ್ಲು."

ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಅಕ್ಕಾ. ನಾನು ವಿಮಾನ ಹತ್ತಿದ್ದು ಅದೇ ಮೊದಲು ಎಂದು ನಿನಗೆ ಹೇಳಬೇಕಿತ್ತು.

ನಿನ್ನ ಕಾರ್ಯ ಮುಗಿಸಿ ಹೊರಡುವಾಗ ಸುಬ್ಬಿ ಬಾಗಿಲಲ್ಲಿ ನಿಂತು ಕೇಳಿದಳು: "ಅಣ್ಣಾ, ನಿಜಕ್ಕೂ ಮುಂಬಯಿ ಎಷ್ಟು ದೂರ?"

"ಹೊಳೆ ಎಲ್ಲ ಸೇರಿ ಮೂರು ದಿನ ಅಂತ ತಿಳ್ಕೊ. ತಲೆನೋವು ಬಂದ್ರೂ ತಾರು ಕೊಡು."

"ಸುಮ್ಮನೆ ಕರೆಸ್ದಂಗೆ ಆದ್ರೆ?"

"ಸುಮ್ಮನೆ ಬಂದು ಊಟ ಮಾಡ್ಕಂಡು ಹೋಗ್ತೆ."

ನಿನ್ನ ತಮ್ಮ