ಕಿನ್ನಿ ಒಂದು, ಕಿನ್ನಿ ಎರಡು

ಆಗಸ್ಟ್ 8, ಶುಕ್ರವಾರ

ಮೊಮ್ಮಗಳು ಸುಪ್ರೀತಾಳ ಲ್ಯಾಪ್‌ಟಾಪಿನಲ್ಲಿ ಪಕ್ಕದ ಮನೆಯ ಕಿನ್ನಿಯ ಹೆಸರು ಕಂಡಾಗಿನಿಂದ ಮನಸ್ಸು ಸರಿಯಿಲ್ಲ. ಯಾರ ಸಹಾಯವೂ ಇಲ್ಲದೆ ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಇದಕ್ಕೇ ಏನೋ! ‘ಕಿನ್ನಿ1’, ‘ಕಿನ್ನಿ2’ ಎಂದು ಮಗು ಬರೆಯುತ್ತಿದ್ದ ಕಂಪ್ಯೂಟರ್ ಪ್ರೋಗ್ರಾಮಿನ ತುಂಬ ಅವಳೇ.

“ಇದೆಂತ ಮಗಾ, ಕಿನ್ನಿಗೆ ಇಲ್ಲಿ ಎಂತ ಕೆಲಸ?”

“ಪ್ರೋಗ್ರಾಮಿನಲ್ಲಿ ಒಂದೊಂದು ಲೆಕ್ಕಕ್ಕೂ ಒಂದೊಂದು ಹೆಸರು ಇಡಬೇಕು. ಸರಿಯಾದ ಹೆಸರು ಹೊಳೆಯುವವರೆಗೆ ಎಂತಾದರೂ ಒಂದು ಹಾಕುವುದಜ್ಜಿ. ಎಲ್ಲರೂ ಫೂ, ಬಾರ್ ಅಂತ ಹಾಕ್ತಾರೆ. ಅಮೆರಿಕದ ಮಿಲಿಟರಿಯವರ ಬೈಗುಳದಿಂದ ಬಂದದ್ದಂತೆ. ನನಗೆ ಆ ಬೈಗುಳ ಯಾಕೆ? ಕಿನ್ನಿಯಕ್ಕ ಇದ್ದಾರಲ್ಲ!”

“ನನ್ನ ಹೆಸರು ಹಾಕಬಹುದಿತ್ತಲ್ಲ?”

“ಸೌದಾಮಿನಿ ಅಂತ ಟೈಪ್ ಮಾಡಿ ಮಾಡಿ ನನ್ನ ಬೆರಳು ಮುರೀತದೆ ಮಾರಾಯ್ರೆ! ಮತ್ತೆ ಇದನ್ನೆಲ್ಲ ಅಳಿಸಲಿಕ್ಕೆ ಉಂಟು. ನಿಮ್ಮನ್ನು ಅಳಿಸುವುದಾ?” ಎಂದು ಕೆನ್ನೆ ಹಿಂಡಿ ನಕ್ಕಳು.

ಆಗ ಸಮಾಧಾನವಾಗಿತ್ತು. ಮಲಗಲು ಬಂದರೆ ಮತ್ತೆ ಅದೇ. ತೊಟ್ಟಿಲು ತೂಗಿದ್ದು ನಾನು, ಜ್ವರ ಬಂದಾಗ ಎಚ್ಚರ ಕೂತದ್ದು ನಾನು. ಕಿನ್ನಿ ಕೊಟ್ಟದ್ದು ಸಂಜೆಗೊಂದು ಗೋಳಿಬಜೆ. ಅಳಿಸಲಿ, ಬಿಡಲಿ, ಯಾವ ಹೆಸರೂ ಹೊಳೆಯದಿದ್ದಾಗ ಮಗುವಿನ ಕೈಗೆ ತಾನಾಗಿ ಬಂದದ್ದು ಅವಳ ಹೆಸರಲ್ಲವೇ? ನನ್ನನ್ನಾದರೆ ಯೋಚಿಸಿ ನೆನೆಯಬೇಕು. ಅವಳು ಯೋಚಿಸದೆಯೇ ಬಂದುಬಿಡುತ್ತಾಳೆ.